ಸಿಎಸ್‌ಎಂಟಿ ಸಬ್‌ವೇ: ಏನು ತೆಗೆದುಕೊಳ್ಳಬಹುದು, ಏನು ಬೇಡ

ಮುಂಬೈ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ರೈಲ್ವೆ ಸ್ಟೇಷನ್ ಎದುರಿನ ಸಬ್‌ವೇ ಬರೀ ರಸ್ತೆ ದಾಟುವ ದಾರಿ ಅಲ್ಲ, ನೆಲದಡಿಯ ಒಂದು ಪೇಟೆ. ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಬಂದು ಫೋರ್ಟ್ ಏರಿಯಾದ ಆಫೀಸಿಗೆ ನಾನು ನಡೆಯುವುದು ಇದರೊಳಗೇ. ಮೇಲೆ ಡಿ. ಎನ್. ರೋಡಿನಲ್ಲಿ ಟ್ಯಾಕ್ಸಿ, ಸಿಟಿ ಬಸ್ಸುಗಳ ಗಲಾಟೆ. ಕೆಳಗೆ ಬ್ಯಾಗು, ಬೆಲ್ಟು, ಪರ್ಸು, ವಾಚು, ಮೊಬೈಲ್ ಕವರ್. ಶಾಪಿಂಗ್ ಅಂತ ಒಂದು ಭಾನುವಾರ ಕಳೆಯಬೇಕಿಲ್ಲ, ಅದೇ ನನಗೆ ಇಷ್ಟ.

ಇಲ್ಲಿ ಕಣ್ಣುಮುಚ್ಚಿ ಮಾಡಿಸಬಹುದಾದ ಕೆಲಸ ಅಂದ್ರೆ ಮೊಬೈಲಿಗೆ ಟೆಂಪರ್ಡ್ ಗ್ಲಾಸ್ ಹಾಕಿಸುವುದು. ನಾನು ಹೋಗುವ ಅಂಗಡಿಯ ಹುಡುಗ ಮೊದಲು ಒದ್ದೆ ಕಾಗದದಿಂದ ಒರೆಸುತ್ತಾನೆ, ಆಮೇಲೆ ಒಣ ಕಾಗದದಿಂದ. ಫೋನನ್ನು ಲೈಟಿಗೆ ಓರೆಯಾಗಿ ಹಿಡಿದು, ಉಳಿದ ಒಂದೊಂದು ಧೂಳನ್ನೂ ಅಂಟುಪಟ್ಟಿಯಿಂದ ಎತ್ತುತ್ತಾನೆ. ಗ್ಲಾಸ್ ಇಟ್ಟು ನಡುವೆ ಹೆಬ್ಬೆರಳು ಒತ್ತಿದರೆ ಅಂಚಿನವರೆಗೂ ತಾನೇ ಕೂತುಕೊಳ್ಳುತ್ತದೆ. ಹೋದ ಸಲ ಮೂಲೆಯಲ್ಲಿ ಸಣ್ಣ ಗುಳ್ಳೆ ಉಳಿದಿತ್ತು. ನಾನು ಬಾಯಿ ಬಿಡುವ ಮೊದಲೇ ಅದನ್ನು ಕಿತ್ತು ಹೊಸದು ಹಾಕಿಕೊಟ್ಟ, ಕಾಸು ಜಾಸ್ತಿ ಕೇಳಲಿಲ್ಲ. ನೂರು ರೂಪಾಯಿಗೆ ಇಷ್ಟು ಶ್ರದ್ಧೆ ಬೇರೆಲ್ಲಿ ಸಿಗುತ್ತೆ ಹೇಳಿ.

ಬ್ಯಾಗಾದರೆ ಜಿಪ್ಪು ನಾಲ್ಕು ಸಲ ಎಳೆದು, ಒಳಗಿನ ಹೊಲಿಗೆ ನೋಡಿ. ಚೌಕಾಸಿ ಮಾಡಲೇಬೇಕು, ಹಾಗೇ ಹೊರಟು ನಿಂತರೆ ಬೆಲೆ ಇಳಿಯುತ್ತದೆ.

ಚಾರ್ಜರ್, ಪವರ್ ಬ್ಯಾಂಕ್ ಮಾತ್ರ ಬೇಡ. ಒಂದು ಅಂಗಡಿಯಲ್ಲಿ ಕೊಂಡ ಚಾರ್ಜರ್ ವಾರದೊಳಗೆ ಕೆಂಡದ ಹಾಗೆ ಕಾದು ಕೆಟ್ಟಿತು. ಬಿಲ್ ಕೊಟ್ಟಿರಲಿಲ್ಲ, ಹಾಗಾಗಿ ವಾಪಸ್ ಮಾತೇ ಇಲ್ಲ. ಮಕ್ಕಳಿರುವ ಮನೆಯಲ್ಲಿ ರಾತ್ರಿಯೆಲ್ಲ ಗೋಡೆಗೆ ಸಿಕ್ಕಿಸಿಡುವ ವಸ್ತು ಅದು. ಹೀಗೆ ಮಾರುವುದು ತಪ್ಪು.

2025ರ ಅಕ್ಟೋಬರ್‌ನಿಂದ ಮೆಟ್ರೋ 3 ಕೂಡ ಸಿಎಸ್‌ಎಂಟಿಗೆ ಬಂದಿದೆ. ಆರೇಯಿಂದ ಕಫ್ ಪರೇಡ್‌ವರೆಗೆ 33.5 ಕಿ.ಮೀ., 27 ಸ್ಟೇಷನ್, ಒಂದು ಬಿಟ್ಟರೆ ಎಲ್ಲವೂ ನೆಲದಡಿ. ಮರೋಲ್, ಸೀಪ್ಜ್ ಕಡೆಯವರು ಲೋಕಲ್‌ನ ನೂಕುನುಗ್ಗಲು ಇಲ್ಲದೆ ತಣ್ಣಗೆ ಬಂದು ಇಳಿಯಬಹುದು.

ಸಂಜೆ ಆರರಿಂದ ಎಂಟರ ನಡುವೆ ಹೋಗಬೇಡಿ. ಇಡೀ ಫೋರ್ಟ್ ರೈಲಿನ ಕಡೆ ಓಡುತ್ತಿರುತ್ತದೆ, ಅಂಗಡಿ ಮುಂದೆ ನಿಲ್ಲೋಕೂ ಆಗಲ್ಲ. ಮಧ್ಯಾಹ್ನ ಒಳ್ಳೆಯದು. ಬೆಳಿಗ್ಗೆ ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಊರಿಗೆ ಹೊರಡುವವರು ಬ್ಯಾಗು, ಕವರ್ ಏನಿದ್ದರೂ ಹಿಂದಿನ ದಿನವೇ ಮುಗಿಸಿಕೊಳ್ಳಿ. ಅಷ್ಟು ಬೇಗ ಶಟರ್ ತೆಗೆದಿರುವುದಿಲ್ಲ.