ಗಾಲಿ ಬದಲಿಸಿದ ಮಾತ್ರಕ್ಕೆ ಸೂಪರ್‌ಮೋಟೊ ಆಗುವುದಿಲ್ಲ: ತಾಮ್ಹಿಣಿ ಘಾಟಿನಲ್ಲಿ ನನಗಾದದ್ದು

ಪುಣೆಯಲ್ಲಿ ಕೆಲಸಕ್ಕಿರುವ ನಮ್ಮ ಕಡೆಯ ಹುಡುಗರು ಈಗೀಗ ಸೆಕೆಂಡ್ ಹ್ಯಾಂಡ್ ಸೂಪರ್‌ಮೋಟೊ ಹುಡುಕುತ್ತಿದ್ದಾರೆ. ಕಳೆದ ಎರಡು ತಿಂಗಳಲ್ಲಿ ಮೂವರು ನನಗೆ ಫೋನ್ ಮಾಡಿ, ವಾರವೆಲ್ಲ ಆಫೀಸಿಗೆ, ಭಾನುವಾರ ಘಾಟಿಗೆ ಆಗುವಂಥ ಸಣ್ಣ ಗಾಡಿ ಯಾವುದು ತೆಗೆದುಕೊಳ್ಳಲಿ ಎಂದು ಕೇಳಿದ್ದಾರೆ. ಇಂಥದೊಂದು ಗಾಡಿಯನ್ನು ಸರಿಯಾಗಿ ಪರೀಕ್ಷಿಸದೆ ಕೊಂಡದ್ದರಿಂದ ನನ್ನ ಎಡಗಡೆಯ ಕಾಲರ್ ಬೋನ್ ಮುರಿಯಿತು, ಒಂದೂವರೆ ತಿಂಗಳು ಕೈ ಜೋಲಿಯಲ್ಲಿತ್ತು, ವಿಮೆಯ ಹಣವೂ ಬರಲಿಲ್ಲ. ಅವರಿಗೆ ತುಂಡು ತುಂಡಾಗಿ ಹೇಳಿದ್ದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ನನ್ನ ಮನೆ ಸಿಂಹಗಡ ರಸ್ತೆಯಲ್ಲಿದೆ, ಆಫೀಸು ಹಿಂಜವಡಿಯಲ್ಲಿ. ದಿನವೂ ನವಲೆ ಸೇತುವೆ ಹತ್ತಿರ ಬೈಪಾಸ್ ಸೇರಿ, ಚಾಂದನಿ ಚೌಕ ದಾಟಿ ಹೋಗಬೇಕು. ಈ ದಾರಿಗೆ ಹಗುರವಾದ, ಎತ್ತರ ಕೂರಿಸುವ, ಅಗಲ ಹ್ಯಾಂಡಲಿನ, ಗುಂಡಿಗೆ ಬಿದ್ದರೂ ಸೊಂಟಕ್ಕೆ ಪೆಟ್ಟು ಕೊಡದ ಗಾಡಿ ಬೇಕೆಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿತ್ತು. ಮಣ್ಣಿನ ದಾರಿಯ ಬೈಕಿನ ಚಾಸಿಗೆ 17 ಇಂಚಿನ ರಸ್ತೆ ಗಾಲಿ, ಅಗಲವಾದ ಟಾರು ರಸ್ತೆಯ ಟೈರು, ದೊಡ್ಡ ಬ್ರೇಕು ಹಾಕಿದರೆ ಅದು ಸೂಪರ್‌ಮೋಟೊ. 1979ರಲ್ಲಿ ಅಮೆರಿಕದಲ್ಲಿ ಟಾರು, ಮಣ್ಣು ಎರಡೂ ಇರುವ ಟ್ರ್ಯಾಕಿನ ಮೇಲೆ ಬೇರೆ ಬೇರೆ ಬಗೆಯ ರೇಸರ್‌ಗಳನ್ನು ಒಟ್ಟಿಗೆ ಓಡಿಸಲು ಹೊರಟಾಗ ಹುಟ್ಟಿದ ಬಗೆ ಇದು. ನಮ್ಮಲ್ಲಿ ಕಾರ್ಖಾನೆಯಿಂದಲೇ ಹೀಗೆ ಬರುವ ಸಣ್ಣ ಬೈಕು ಸುಲಭವಾಗಿ ಸಿಗದಿರುವುದರಿಂದ, ಟಾರು, ಮಣ್ಣು ಎರಡಕ್ಕೂ ಆಗುವ ಇನ್ನೂರು ಸಿಸಿಯ ಡ್ಯುಯಲ್ ಪರ್ಪಸ್ ಬೈಕುಗಳ ಗಾಲಿ ಬದಲಿಸಿ ಮಾರುವ ಗ್ಯಾರೇಜುಗಳು ಅಲ್ಲಲ್ಲಿ ಇವೆ. ನಾನು ಕೊಂಡದ್ದು ಅಂಥ ಒಂದು ಗ್ಯಾರೇಜಿನಿಂದ, 1,30,000 ರೂಪಾಯಿಗೆ.

ಗ್ಯಾರೇಜಿನವರು ಧಾರವಾಡದ ಕಡೆಯವರು. ಮರಾಠಿಯಲ್ಲಿ ಶುರುವಾದ ಮಾತು ಎರಡೇ ನಿಮಿಷದಲ್ಲಿ ಕನ್ನಡಕ್ಕೆ ತಿರುಗಿತು, ಚಹಾ ಬಂತು, ಊರು, ಮನೆತನ ಎಲ್ಲ ವಿಚಾರಿಸಿದರು. ಗಾಲಿ ಬದಲಿಸಿದ್ದರಿಂದ ಏನಾದರೂ ತೊಂದರೆ ಇದೆಯೇ ಎಂದು ನಾನು ಕೇಳಿದಾಗ, “ಏನೂ ಆಗೂದಿಲ್ರೀ ಸರ, ಗಾಲಿ ಅಷ್ಟ ಬ್ಯಾರೆ ಹಾಕೇವಿ, ಉಳಿದದ್ದೆಲ್ಲಾ ಕಂಪನೀದ ಐತಿ” ಎಂದರು. ಪರಊರಿನಲ್ಲಿ ನಮ್ಮ ಭಾಷೆ ಕಿವಿಗೆ ಬಿದ್ದಾಗ ಮನಸ್ಸು ಸಡಿಲವಾಗುತ್ತದೆ. ಮುಂದಿನ ಪ್ರಶ್ನೆಗಳನ್ನು ನಾನು ಕೇಳಲೇ ಇಲ್ಲ. ಉಳಿದದ್ದೆಲ್ಲ ಕಂಪನಿಯದ್ದಾಗಿಯೇ ಉಳಿದದ್ದು ದೋಷವೆಂಬುದು ಆಗ ನನಗೆ ತಿಳಿದಿರಲಿಲ್ಲ. ಟೆಸ್ಟ್ ರೈಡ್ ಮಾಡಿದ್ದು ಗ್ಯಾರೇಜಿನ ಸುತ್ತಲಿನ ಸಮತಟ್ಟು ಗಲ್ಲಿಗಳಲ್ಲಿ, ಅದೂ ನಾಲ್ವತ್ತರ ಒಳಗಿನ ವೇಗದಲ್ಲಿ.

ಮೊದಲ ಸೂಚನೆ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿಯೇ ಸಿಕ್ಕಿತ್ತು. ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದರೆ ಗಾಡಿ ಎಡಕ್ಕೆ ವಾಲದೆ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುತ್ತಿತ್ತು, ಮೂರನೆಯ ದಿನ ಯಾರೋ ಪಕ್ಕದಲ್ಲಿ ಸ್ಕೂಟರ್ ತೆಗೆಯುವಾಗ ತಗುಲಿ ಬಲಕ್ಕೆ ಉರುಳಿಬಿತ್ತು. ಗಾಲಿ ಸಣ್ಣದಾದಾಗ ಗಾಡಿ ಇಳಿಯುತ್ತದೆ, ಸ್ಟ್ಯಾಂಡಿನ ಉದ್ದ ಹಾಗೆಯೇ ಇರುತ್ತದೆ. ಅದನ್ನು ಕತ್ತರಿಸಿ ಗಿಡ್ಡ ಮಾಡುವಷ್ಟು ಕೂಡ ಕಾಳಜಿ ವಹಿಸದವರು ಬೇರೇನನ್ನು ನೋಡಿರುತ್ತಾರೆ ಎಂದು ನಾನು ಅಂದೇ ಯೋಚಿಸಬೇಕಿತ್ತು. ಎರಡನೆಯದು ಮೀಟರು. ಅದು 60 ತೋರಿಸುವಾಗ ಫೋನಿನ ಜಿಪಿಎಸ್ 50 ತೋರಿಸುತ್ತಿತ್ತು, ಏಕೆಂದರೆ ನನ್ನ ಗಾಡಿಯಲ್ಲಿ ವೇಗದ ಲೆಕ್ಕ ಮುಂದಿನ ಗಾಲಿಯ ಸುತ್ತುಗಳಿಂದ ಬರುತ್ತದೆ, ಸಣ್ಣ ಗಾಲಿ ಅದೇ ದೂರಕ್ಕೆ ಹೆಚ್ಚು ಸುತ್ತು ಸುತ್ತುತ್ತದೆ. ಮೂರನೆಯದು, ಬೈಪಾಸಿನಲ್ಲಿ ಲಾರಿಯ ಪಕ್ಕ ಹಾದುಹೋಗುವಾಗ ಹ್ಯಾಂಡಲು ಕೈಯಲ್ಲಿ ಸಣ್ಣಗೆ ಅದುರುವುದು. ಅಗಲ ಹ್ಯಾಂಡಲಿನ ಹಗುರ ಗಾಡಿ, ಗಾಳಿಗೆ ಹಾಗಾಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಆ ಅದುರಿಗೆ ಕಾರಣ ಗಾಳಿಯಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮಾರುವವರು ಯಾರೂ ಇದನ್ನು ಹೇಳುವುದಿಲ್ಲ. ಹೀರೋ ಎಕ್ಸ್‌ಪಲ್ಸ್ 200 ತರಹದ ಬೈಕುಗಳಲ್ಲಿ ಮುಂದೆ 21 ಇಂಚಿನ ಗಾಲಿ, ಹಿಂದೆ 18 ಇಂಚಿನದು ಇರುತ್ತದೆ. ಮುಂದಿನ 90/90-21 ಟೈರಿನ ಒಟ್ಟು ವ್ಯಾಸ ಸುಮಾರು 695 ಮಿಲಿಮೀಟರ್. ಅದರ ಜಾಗಕ್ಕೆ 110/70-17 ಬಂದರೆ ವ್ಯಾಸ ಸುಮಾರು 586ಕ್ಕೆ ಇಳಿಯುತ್ತದೆ, ಅಂದರೆ ಮುಂಭಾಗ ಸುಮಾರು 55 ಮಿಲಿಮೀಟರ್ ಕೆಳಗೆ ಕೂರುತ್ತದೆ. ಹಿಂದೆ 120/80-18 ತೆಗೆದು 140/70-17 ಹಾಕಿದರೆ ಇಳಿಯುವುದು ಹನ್ನೊಂದೇ ಮಿಲಿಮೀಟರ್. ಹೀಗೆ ಇಡೀ ಗಾಡಿ ಮುಂದಕ್ಕೆ ಬಾಗಿ ನಿಲ್ಲುತ್ತದೆ, ಮುಂದಿನ ಗಾಲಿಯನ್ನು ಹಿಡಿದಿರುವ ಫೋರ್ಕು ಸುಮಾರು ಎರಡು ಡಿಗ್ರಿ ಹೆಚ್ಚು ನೆಟ್ಟಗಾಗುತ್ತದೆ. ಹ್ಯಾಂಡಲು ತಿರುಗುವ ಅಕ್ಷವನ್ನು ಗೆರೆ ಎಳೆದಂತೆ ನೆಲದವರೆಗೆ ಎಳೆದರೆ ಅದು ಮುಟ್ಟುವ ಜಾಗಕ್ಕೂ ಟೈರು ನೆಲ ಮುಟ್ಟುವ ಜಾಗಕ್ಕೂ ನಡುವೆ ಇರುವ ಅಂತರವನ್ನು ಟ್ರೇಲ್ ಎನ್ನುತ್ತಾರೆ. ಗಾಲಿ ತಾನಾಗಿ ನೇರ ದಾರಿಗೆ ಬರುವಂತೆ ಮಾಡುವುದು ಮುಖ್ಯವಾಗಿ ಈ ಅಂತರವೇ. ಆಫೀಸಿನ ಕುರ್ಚಿಯ ಪುಟ್ಟ ಗಾಲಿ, ಕುರ್ಚಿ ಎಳೆದ ಕಡೆಗೆ ಹಿಂಬಾಲಿಸುವುದು ಕೂಡ ಇದರಿಂದಲೇ. ಗಾಲಿ ಸಣ್ಣದಾದದ್ದು, ಫೋರ್ಕು ನೆಟ್ಟಗಾದದ್ದು ಎರಡೂ ಸೇರಿ, ನಾನು ಹಾಕಿ ನೋಡಿದ ಲೆಕ್ಕದಲ್ಲಿ, ಈ ಟ್ರೇಲ್ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆಯಾಗಿತ್ತು. ಅದರ ಮೇಲೆ, ಮಣ್ಣಿನ ದಾರಿಗೆಂದು ಮಾಡಿದ, ಮೇಲೆ ಕೆಳಗೆ ಹೆಚ್ಚು ಆಡುವ ಮೆತ್ತನೆಯ ಫೋರ್ಕು ಬ್ರೇಕ್ ಹಿಡಿದಾಗ ಇನ್ನಷ್ಟು ಮುಳುಗುತ್ತದೆ, ಆಗ ಉಳಿದ ಟ್ರೇಲ್ ಇನ್ನೂ ತಗ್ಗುತ್ತದೆ. ಅಂದರೆ ಗಾಡಿಗೆ ಸ್ಥಿರತೆ ಅತ್ಯಂತ ಬೇಕಾದ ಹೊತ್ತಿನಲ್ಲಿ, ಇಳಿಜಾರಿನ ತಿರುವಿಗೆ ಮೊದಲು ಬ್ರೇಕ್ ಹಿಡಿದ ಕ್ಷಣದಲ್ಲಿ, ಅದು ಅತ್ಯಂತ ಕಡಿಮೆಯಾಗಿರುತ್ತದೆ. ಸುಜುಕಿ ಕಂಪನಿ ತನ್ನ ಡಿಆರ್-ಝಡ್ 400 ಬೈಕನ್ನು ಸೂಪರ್‌ಮೋಟೊ ಮಾಡಿ 2005ರಲ್ಲಿ ಮಾರುಕಟ್ಟೆಗೆ ಬಿಟ್ಟಾಗ ಗಾಲಿಯ ಜೊತೆಗೆ ಫೋರ್ಕನ್ನೂ ಮುಂದಿನ ಡಿಸ್ಕನ್ನೂ ಬದಲಿಸಿತ್ತು. ಆ ಖರ್ಚನ್ನು ಅದು ಸುಮ್ಮನೆ ಮಾಡಿರಲಿಲ್ಲ.

ಸೆಪ್ಟೆಂಬರ್ ಕೊನೆಯ ಭಾನುವಾರ, ಮಳೆ ಹಿಂದೆಗೆಯುತ್ತಿದ್ದ ದಿನ, ಬೆಳಗಿನ ಆರಕ್ಕೆ ಪೌಡ್ ರಸ್ತೆ ಹಿಡಿದು ಮುಳಶಿ ದಾಟಿ ತಾಮ್ಹಿಣಿಗೆ ಹೋದೆ. ಮೇಲಿನ ತಿರುವುಗಳಲ್ಲಿ ಗಾಡಿ ನಿಜಕ್ಕೂ ಚೆನ್ನಾಗಿ ಓಡಿತು. ಅದನ್ನು ಮುಚ್ಚಿಡುವುದಿಲ್ಲ, ಏಕೆಂದರೆ ನಿಮ್ಮನ್ನು ಸೆಳೆಯುವುದು ಕೂಡ ಅದೇ: ಹ್ಯಾಂಡಲು ಮುಟ್ಟಿದರೆ ಸಾಕು, ಗಾಡಿ ತಿರುವಿಗೆ ಇಳಿದುಬಿಡುತ್ತದೆ. ಕೊಂಕಣದ ಕಡೆಗೆ ಇಳಿಯುವಾಗ ಒಂದು ಎಡ ತಿರುವಿಗೆ ಮುಂದಿನ ಬ್ರೇಕ್ ಹಿಡಿದೆ. ಟಣ್ ಎಂದು ಒಂದು ಸದ್ದು, ಅದರ ಹಿಂದೆಯೇ ಇನ್ನೆರಡು. ಹ್ಯಾಂಡಲು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊಡೆದುಕೊಳ್ಳತೊಡಗಿತು, ಟೈರು ಫೋರ್ಕಿಗೆ ಉಜ್ಜಿದ ವಾಸನೆ ಬಂತು, ನಾನು ರಸ್ತೆಯ ಮೇಲೆ ಜಾರಿ ಚರಂಡಿಯ ಅಂಚಿಗೆ ಹೋಗಿ ನಿಂತೆ. ಎದುರಿನಿಂದ ಆಗ ಯಾವ ಗಾಡಿಯೂ ಬಾರದಿದ್ದದ್ದರಿಂದ ಇದನ್ನು ಬರೆಯಲು ಇದ್ದೇನೆ. ಟೆಂಪೊದವರೊಬ್ಬರು ನನ್ನನ್ನೂ ಗಾಡಿಯನ್ನೂ ಹೇರಿಕೊಂಡು ಪುಣೆಗೆ ತಂದು ಬಿಟ್ಟರು, ಡೀಸೆಲಿನ ದುಡ್ಡು ಕೂಡ ಮುಟ್ಟಲಿಲ್ಲ.

ಕೈ ಸ್ವಲ್ಪ ಸುಧಾರಿಸಿದ ಮೇಲೆ ಮುಂದಿನ ಗಾಲಿಯನ್ನು ಬಿಚ್ಚಿಸಿ ನಾನಾ ಪೇಠೆಗೆ ಒಯ್ದೆ. ಅಲ್ಲಿ ಸ್ಪೋಕ್ ಗಾಲಿ ಕಟ್ಟುವುದನ್ನೇ ಜೀವನವಿಡೀ ಮಾಡಿಕೊಂಡು ಬಂದ ಹಿರಿಯರೊಬ್ಬರಿದ್ದಾರೆ, ಎಲ್ಲರೂ ಕಾಕಾ ಎನ್ನುತ್ತಾರೆ. ಎಂಟು ಕಡ್ಡಿಗಳು, ಅಂದರೆ ಸ್ಪೋಕುಗಳು, ಮುರಿದಿದ್ದವು, ಎಂಟೂ ಡಿಸ್ಕ್ ಇರುವ ಮಗ್ಗುಲಿನವು. ಕಾಕಾ ಒಂದನ್ನು ತೆಗೆದು ಬೆಳಕಿಗೆ ಹಿಡಿದು ನನ್ನ ಕಣ್ಣ ಹತ್ತಿರ ತಂದರು. ಮುರಿದದ್ದು ನಿಪ್ಪಲ್ಲಿಗೆ, ಅಂದರೆ ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್ಟಿಗೆ, ಹೊಂದಿಕೊಂಡ ಜಾಗದಲ್ಲಿ, ಕಡ್ಡಿಯ ಥ್ರೆಡ್ ಶುರುವಾಗುವಲ್ಲಿ. ಮುರಿದ ಮುಖದ ಅರ್ಧ ಭಾಗ ತುಕ್ಕು ಹಿಡಿದು ಕಂದಾಗಿತ್ತು, ಉಳಿದರ್ಧ ಮಾತ್ರ ಹೊಸ ಬೆಳ್ಳಿಯಂತೆ ಹೊಳೆಯುತ್ತಿತ್ತು. ಕಂದಾದ ಅರ್ಧ ಎಷ್ಟೋ ದಿನಗಳ ಹಿಂದೆಯೇ ಸೀಳಿತ್ತು, ಹೊಳೆಯುವ ಅರ್ಧ ಆ ಭಾನುವಾರದ್ದು ಎಂದು ಅವರು ಮರಾಠಿಯಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಸಣ್ಣ ಡ್ರಮ್ಮಿನ ಹಬ್‌ಗೆ, ಅಂದರೆ ಗಾಲಿಯ ನಡುವಿನ ಗುಂಬಕ್ಕೆಂದು, ತೂತು ಕೊರೆದ ಅಗ್ಗದ ರಿಮ್ಮನ್ನು ದೊಡ್ಡ ಹಬ್‌ಗೆ ಕಟ್ಟಿದ್ದರು. ಗಾಲಿ ಸಣ್ಣದಾದಂತೆ ಕಡ್ಡಿ ಗಿಡ್ಡವಾಗುತ್ತದೆ, ಅದು ರಿಮ್ಮಿಗೆ ಬಂದು ಸೇರುವ ಓರೆಯೂ ಬದಲಾಗುತ್ತದೆ. ತೂತಿನ ಓರೆ ಅದಕ್ಕೆ ಹೊಂದದಿದ್ದರೆ ಪ್ರತಿಯೊಂದು ಕಡ್ಡಿಯೂ ನಿಪ್ಪಲ್ಲಿನ ಬಾಯಲ್ಲಿ ಬಾಗಿ ನಿಲ್ಲುತ್ತದೆ, ಗಾಲಿ ಸುತ್ತಿದಷ್ಟು ಸಲ ಅಲ್ಲಿಯೇ ಬಳುಕಿ ಬಳುಕಿ ಸೀಳುತ್ತದೆ.

ಅದೇ ಮೇಜಿನ ಮೇಲೆ ಇನ್ನೊಂದು ಸಂಗತಿ ಹೊರಬಂತು. ಬ್ರೇಕ್ ಹಿಡಿದಾಗ ಗಾಲಿ ಕಚ್ಚಿಕೊಂಡು ಜಾರದಂತೆ ತಡೆಯುವುದು ಎಬಿಎಸ್; ಗಾಲಿ ಕಟ್ಟುವಾಗ ಅದರ ಸೆನ್ಸರ್ ಓದುವ ಹಲ್ಲಿನ ರಿಂಗು ಬಾಗಿತ್ತು. ಹಾಗಾದಾಗ ಎಬಿಎಸ್ ದೀಪ ಆರದೆ ಉರಿಯುತ್ತಿರಬೇಕು, ಆದರೆ ನಾನು ಅದನ್ನು ಒಂದು ದಿನವೂ ನೋಡಿರಲಿಲ್ಲ. ಮೀಟರು ಬಿಚ್ಚಿಸಿದಾಗ ಆ ದೀಪದ ಮೇಲೆ ಒಳಗಿನಿಂದ ಕಪ್ಪು ಟೇಪಿನ ಚೂರೊಂದನ್ನು ಅಂದವಾಗಿ ಕತ್ತರಿಸಿ ಅಂಟಿಸಿದ್ದು ಕಂಡಿತು. ಕಡ್ಡಿಯ ವಿಷಯದಲ್ಲಿ ಅಜ್ಞಾನ ಎಂದು ಕ್ಷಮಿಸಬಹುದಿತ್ತೇನೋ. ಟೇಪು ಅಂಟಿಸಿದ ಕೈಗೆ ತಾನೇನು ಮಾಡುತ್ತಿದ್ದೇನೆಂದು ಚೆನ್ನಾಗಿ ಗೊತ್ತಿತ್ತು. ಎಬಿಎಸ್ ಇದ್ದಿದ್ದರೆ ನಾನು ಬೀಳುತ್ತಿರಲಿಲ್ಲ ಎಂದು ಹೇಳಲಾರೆ. ಆದರೆ ಮಳೆಗಾಲವಿಡೀ ಇದೆ ಎಂದು ನಂಬಿ ಓಡಿಸಿದ್ದು ಇರಲೇ ಇಲ್ಲ ಎಂಬುದನ್ನು ನೆನೆದರೆ ಇಂದಿಗೂ ಮೈ ಬಿಸಿಯಾಗುತ್ತದೆ. ಗ್ಯಾರೇಜಿಗೆ ಹೋಗಿ ಕೇಳಿದಾಗ ಬಂದ ಉತ್ತರ: “ಘಾಟಿನ್ಯಾಗ ನೀವು ಹೆಂಗ ಹೊಡದ್ರಿ ಅನ್ನೂದು ನಮಗೇನ್ ಗೊತ್ರೀ?” ಬರವಣಿಗೆಯಲ್ಲಿ ನನ್ನ ಬಳಿ ಏನೂ ಇರಲಿಲ್ಲ; ರಸೀದಿಯಲ್ಲಿ ಇದ್ದದ್ದು ಮಾಡೆಲ್ ಹೆಸರು, ಚಾಸಿ ನಂಬರು, ಮೊತ್ತ ಮಾತ್ರ.

ವಿಮೆಯದು ಬೇಗ ಮುಗಿಯಿತು. ಆರ್‌ಸಿ ನನ್ನ ಹೆಸರಿಗಾದ ಹದಿನಾಲ್ಕು ದಿನಗಳ ಒಳಗೆ ಪಾಲಿಸಿಯನ್ನೂ ವರ್ಗಾಯಿಸಿಕೊಂಡಿದ್ದೆ, ಆ ಕಾಗದಗಳಲ್ಲಿ ಕೊರತೆಯಿರಲಿಲ್ಲ. ಸರ್ವೇಯರ್ ಬಂದು ಗಾಲಿಗಳ ಫೋಟೊ ತೆಗೆದುಕೊಂಡು, ತಯಾರಕರ ವಿವರಕ್ಕೆ ಇದು ಹೊಂದುವುದಿಲ್ಲ, ಬದಲಾವಣೆಯನ್ನು ಪಾಲಿಸಿಯಲ್ಲಿ ತಿಳಿಸಿಲ್ಲ ಎಂದು ಬರೆದರು, ಕ್ಲೇಮು ತಿರಸ್ಕೃತವಾಯಿತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ಆರ್‌ಸಿಯ ವಿವರಗಳು ಹೊಂದದಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಬದಲಾವಣೆ ಒಂದಕ್ಕೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಇವೆ. ಆ ದಂಡ ಗಾಡಿಯನ್ನು ಬದಲಿಸಿದ ಮಾಲೀಕನಿಗೆ.

ಹಾಗಾದರೆ ಏನು ಕೊಳ್ಳಬೇಕು ಎಂದು ಕೇಳಿದವರಿಗೆ ನಾನು ಹೇಳುತ್ತಿರುವುದು ಇಷ್ಟು. ದಿನದ ಓಡಾಟ ಹೆಚ್ಚು, ಘಾಟಿ ತಿಂಗಳಿಗೆ ಎರಡು ಸಲ ಎಂದಾದರೆ, ಕಾರ್ಖಾನೆಯಿಂದಲೇ 17 ಇಂಚಿನ ಗಾಲಿಯೊಂದಿಗೆ ಬರುವ ಅಪಾಚೆ 160 ಅಥವಾ ಡ್ಯೂಕ್ 200 ರೀತಿಯ ಗಾಡಿ ತೆಗೆದುಕೊಳ್ಳಿ. ಅದರ ಫೋರ್ಕು, ಬ್ರೇಕು, ಗಾಲಿ ಮೂರನ್ನೂ ಒಂದಕ್ಕೊಂದು ಹೊಂದಿಸಿ ಮಾಡಿರುತ್ತಾರೆ. ಎತ್ತರದ ಗಾಡಿಯೇ ಬೇಕು, ಗುಂಡಿಗಳಿಗೆ ಅದೇ ಸರಿ ಎನ್ನುವವರು ಡ್ಯುಯಲ್ ಪರ್ಪಸ್ ಬೈಕನ್ನು 21 ಇಂಚಿನ ಗಾಲಿ ಸಮೇತ ಇದ್ದ ಹಾಗೆಯೇ ಇಟ್ಟುಕೊಂಡು, ಅದೇ ಅಳತೆಯಲ್ಲಿ ರಸ್ತೆಗೆ ಹೆಚ್ಚು ಒಗ್ಗುವ ಟೈರು ಹಾಕಿಸಿಕೊಳ್ಳಲಿ. ತಿರುವಿಗೆ ಇಳಿಸಲು ಹ್ಯಾಂಡಲನ್ನು ಸ್ವಲ್ಪ ಹೆಚ್ಚು ಒತ್ತಬೇಕಾಗುತ್ತದೆ, ಅದಕ್ಕಿಂತ ದೊಡ್ಡ ನಷ್ಟವೇನೂ ಇಲ್ಲ.

ಇಷ್ಟಾದರೂ ಯಾರಾದರೂ ಬದಲಿಸಿದ ಗಾಡಿಯನ್ನೇ ನೋಡಲು ಹೊರಟರೆ, ಕೀಲಿ ತಿರುಗಿಸಿದ ಕೂಡಲೇ ಎಬಿಎಸ್ ದೀಪ ಹತ್ತುತ್ತದೆಯೇ, ಗಾಡಿ ಚಲಿಸತೊಡಗಿದ ಮೇಲೆ ಆರುತ್ತದೆಯೇ ಎಂದು ಮೊದಲು ನೋಡಿ. ಹತ್ತದ ದೀಪ ಆರದ ದೀಪಕ್ಕಿಂತ ಕೆಟ್ಟದ್ದು. ಮುಂದಿನ ಗಾಲಿ ಎತ್ತಿಸಿ ಕೈಯಿಂದ ತಿರುಗಿಸಿ, ರಿಮ್ಮು ಓಲಾಡುತ್ತದೆಯೇ ಗಮನಿಸಿ, ಒಂದೊಂದೇ ಕಡ್ಡಿಯನ್ನು ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ. ಬಿಗಿಯಾದದ್ದು ಟಣ್ ಎನ್ನುತ್ತದೆ, ಸಡಿಲವಾದದ್ದು ಬಡ್ಡೆನ್ನುತ್ತದೆ, ಆ ವ್ಯತ್ಯಾಸ ತಿಳಿಯಲು ಮೆಕ್ಯಾನಿಕ್ ಆಗಬೇಕಿಲ್ಲ. ನಿಪ್ಪಲ್ಲಿನ ಬಾಯಲ್ಲಿ ಕಡ್ಡಿ ನೇರವಾಗಿದೆಯೋ ಬಾಗಿದೆಯೋ ಎಂಬುದು ಬರಿಗಣ್ಣಿಗೇ ಕಾಣುತ್ತದೆ. ಫೋರ್ಕಿಗೆ ಏನು ಮಾಡಿದ್ದೀರಿ ಎಂದು ಕೇಳಿ. ಏನೂ ಮಾಡಿಲ್ಲ ಎಂದರೆ ಅಲ್ಲಿಂದ ಹೊರಟುಬಿಡಿ.

ಮುರಿದ ಎಂಟು ಕಡ್ಡಿಗಳೂ ಆ ಟೇಪಿನ ಚೂರೂ ನನ್ನ ಮೇಜಿನ ಡ್ರಾದಲ್ಲಿವೆ. ಹಳೆಯ ಅಳತೆಯ ಎರಡೂ ಗಾಲಿಗಳನ್ನು ಹುಡುಕಿ ತಂದು ಕಾಕಾ ಅವರ ಬಳಿ ಕೊಟ್ಟಿದ್ದೇನೆ, ಗಾಡಿ ಆರ್‌ಸಿಯಲ್ಲಿರುವಂತೆಯೇ ಆಗುವವರೆಗೆ ರಸ್ತೆಗೆ ಇಳಿಸುವುದಿಲ್ಲ. ಪುಣೆಯಲ್ಲಿ ಯಾರಾದರೂ ಇಂಥ ಗಾಡಿ ನೋಡಲು ಹೋಗುವುದಿದ್ದರೆ ಹೇಳಿ, ಭಾನುವಾರ ನಾನು ಜೊತೆಗೆ ಬರುತ್ತೇನೆ. ಬೆಳಿಗ್ಗೆ ಬೇಗ ಹೋಗೋಣ, ಅವರು ಇಂಜಿನ್ ಬಿಸಿ ಮಾಡಿ ಇಡುವುದಕ್ಕೆ ಮೊದಲೇ ನೋಡಬೇಕು.