ಹಳೇ ಟೂ ಪೋಸ್ಟ್ ಲಿಫ್ಟ್ ಹಾಕಿಸುವವರೇ, ಮೊದಲು ನೆಲ ನೋಡಿ

ಗ್ಯಾರೇಜಿಗೆ ಲಿಫ್ಟ್ ತರಬೇಕು ಅಂತ ಯೋಚನೆ ಮಾಡುತ್ತಿರುವವರು, ಅದರಲ್ಲೂ ಬೇರೆ ಕಡೆ ಬಿಚ್ಚಿಟ್ಟ ಹಳೇ ಟೂ ಪೋಸ್ಟ್ ಲಿಫ್ಟ್ (ಎರಡು ಕಂಬಗಳ ನಡುವೆ ಗಾಡಿ ಎತ್ತುವಂಥದ್ದು) ಅಗ್ಗಕ್ಕೆ ಸಿಗುತ್ತಿದೆ ಅಂತ ಅಡ್ವಾನ್ಸ್ ಕೊಡಲು ಹೊರಟವರು, ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಕೆಲಸ ಮಾಡುತ್ತಿದ್ದ ಗ್ಯಾರೇಜಿನಲ್ಲಿ ಅಂಥದ್ದೇ ಲಿಫ್ಟಿನ ಮೇಲಿದ್ದ ವ್ಯಾನ್ ಕೆಳಗೆ ಬಿತ್ತು. ಅಡಿಯಲ್ಲಿದ್ದ ಹುಡುಗ ಬದುಕಿದ, ಭುಜದ ಮೂಳೆ ಮುರಿಯಿತು. ಲಿಫ್ಟ್ ಕೆಟ್ಟಿರಲಿಲ್ಲ. ಮೋಟಾರ್, ಸಿಲಿಂಡರ್, ಕೇಬಲ್ ಎಲ್ಲಾ ಸರಿಯಾಗಿಯೇ ಇದ್ದವು. ಕೈ ಕೊಟ್ಟಿದ್ದು ನೆಲ.

ಮಾರಿದವನೇ ಫಿಟ್ಟಿಂಗ್ ಕೂಡ ಮಾಡಿಕೊಡುತ್ತೇನೆ ಅಂದಿದ್ದ. ಬಂದ, ಚಾಕ್‌ಪೀಸಿನಲ್ಲಿ ಗುರುತು ಹಾಕಿದ, ಹ್ಯಾಮರ್ ಡ್ರಿಲ್ಲಿನಲ್ಲಿ ತೂತು ಹೊಡೆದ, ಬೋಲ್ಟ್ ಬಡಿದ, ಸಂಜೆಯೊಳಗೆ ಒಂದು ಕಾರು ಎತ್ತಿ ತೋರಿಸಿ ದುಡ್ಡು ಎಣಿಸಿಕೊಂಡು ಹೋದ. ಕಾಂಕ್ರೀಟ್ ಎಷ್ಟು ದಪ್ಪ ಇದೆ ಅಂತ ಒಂದು ಮಾತೂ ಕೇಳಲಿಲ್ಲ. ತೂತಿನೊಳಗಿನ ಪುಡಿ ಊದಿ ತೆಗೆಯಲಿಲ್ಲ. ಅವನ ಚೀಲದಲ್ಲಿ ಬೋಲ್ಟಿನ ಬಿಗಿ, ಅಂದರೆ ಟಾರ್ಕ್, ಅಳೆಯುವ ಟಾರ್ಕ್ ರೆಂಚ್ ಇರಲೇ ಇಲ್ಲ, ಎಲ್ಲಾ ಬೋಲ್ಟನ್ನೂ ಇಂಪ್ಯಾಕ್ಟ್ ಗನ್ನಿನಲ್ಲೇ ಟೈಟ್ ಮಾಡಿದ. ಮ್ಯಾನ್ಯುಯಲ್ ಕೊಡಿ ಅಂದರೆ, "ಮ್ಯಾನ್ಯುಯಲ್ ಯಾಕೆ ಸಾರ್, ಇಂಥವು ಎಷ್ಟೋ ಹಾಕಿದ್ದೀನಿ" ಅಂದ.

ಸ್ವಲ್ಪ ದಿನ ಎಲ್ಲಾ ಚೆನ್ನಾಗಿಯೇ ನಡೆಯಿತು. ಸಣ್ಣ ಕಾರುಗಳು ಮೇಲೆ ಹೋಗುತ್ತಿದ್ದವು, ಇಳಿಯುತ್ತಿದ್ದವು. ಆಮೇಲೆ ಒಂದು ಕಂಬದ ಬುಡದಲ್ಲಿ ನೆಲಕ್ಕೆ ಬೋಲ್ಟ್ ಹಾಕಿದ ಬೇಸ್ ಪ್ಲೇಟ್ ಸುತ್ತ ಬೂದು ಬಣ್ಣದ ನುಣ್ಣನೆ ಪುಡಿ ಕಾಣತೊಡಗಿತು. ಗುಡಿಸಿದರೆ ಮರುದಿನ ಮತ್ತೆ ಇರುತ್ತಿತ್ತು. ಬಗ್ಗಿ ನೋಡಿದೆ. ಗಾಡಿ ಮೇಲಿದ್ದಾಗ ಪ್ಲೇಟಿನ ಹೊರಗಿನ ಅಂಚು ನೆಲ ಬಿಟ್ಟು ಒಂದಿಷ್ಟು ಎದ್ದಿರುತ್ತಿತ್ತು, ಒಂದು ಕಾಗದ ಸಲೀಸಾಗಿ ಒಳಗೆ ಹೋಗುವಷ್ಟು. ಗಾಡಿ ಇಳಿಸಿದರೆ ಆ ಸಂದಿ ಮುಚ್ಚಿಹೋಗುತ್ತಿತ್ತು. ಹೊರಗಿನ ಬೋಲ್ಟಿನ ವಾಷರ್ ಬೆರಳಲ್ಲೇ ತಿರುಗುತ್ತಿತ್ತು.

ಇದು ಯಾಕೆ ಇಷ್ಟು ಕೆಟ್ಟ ಲಕ್ಷಣ ಅಂತ ಸ್ವಲ್ಪ ಹೇಳಬೇಕು. ಟೂ ಪೋಸ್ಟ್ ಲಿಫ್ಟಿನಲ್ಲಿ ಗಾಡಿಯ ಭಾರ ಕಂಬದ ಮೇಲೆ ನೇರವಾಗಿ ಕೂರುವುದಿಲ್ಲ. ಕಂಬದಿಂದ ಒಳಕ್ಕೆ ಚಾಚಿದ ಆರ್ಮ್‌ಗಳ ತುದಿಯಲ್ಲಿ ಕೂರುತ್ತದೆ. ಹಾಗಾಗಿ ಎರಡು ಕಂಬಗಳೂ ಯಾವಾಗಲೂ ಒಳಕ್ಕೆ, ಒಂದರ ಕಡೆಗೆ ಇನ್ನೊಂದು, ವಾಲಲು ನೋಡುತ್ತಿರುತ್ತವೆ. ಅದನ್ನು ತಡೆಯುವುದರಲ್ಲಿ ದೊಡ್ಡ ಪಾಲು ಬೇಸ್ ಪ್ಲೇಟಿನ ಹೊರಗಡೆಯ ಆಂಕರ್ ಬೋಲ್ಟ್‌ಗಳದ್ದು, ಅಂದರೆ ಪ್ಲೇಟನ್ನು ನೆಲಕ್ಕೆ ಹಿಡಿದಿಡುವ ಬೋಲ್ಟ್‌ಗಳದ್ದು. ಅವು ಒತ್ತಿಸಿಕೊಂಡು ಕೂತಿರುವುದಿಲ್ಲ, ಮೇಲಕ್ಕೆ ಎಳೆಸಿಕೊಳ್ಳುತ್ತಿರುತ್ತವೆ. ಕಾಂಕ್ರೀಟ್ ಒತ್ತಿದರೆ ಎಷ್ಟು ಬೇಕಾದರೂ ತಡೆದುಕೊಳ್ಳುತ್ತದೆ, ಎಳೆದರೆ ಬೇಗ ಬಿಡುತ್ತದೆ. ಅದಕ್ಕೇ ಬೋಲ್ಟ್ ಎಷ್ಟು ಆಳ ಹೋಗಿದೆ, ಸುತ್ತ ಎಷ್ಟು ಗಟ್ಟಿ ಕಾಂಕ್ರೀಟ್ ಇದೆ ಅನ್ನುವುದೇ ಮುಖ್ಯ. ಹೊರಗಿನ ಅಂಚು ಏಳುತ್ತಿದೆ ಅಂದರೆ ಬೋಲ್ಟ್ ಆಗಲೇ ಜಾರಲು ಶುರುವಾಗಿದೆ ಅಂತ ಅರ್ಥ.

ಮಾಲೀಕರಿಗೆ ತೋರಿಸಿದೆ. ಅವರು ಆ ಮಾರಾಟಗಾರನನ್ನು ಕರೆಸಿದರು. ಬಂದವನು ಬಗ್ಗಿ ನೋಡಿದ, "ಅದು ಇರುತ್ತೆ ಸಾರ್, ಸೆಟ್ ಆಗ್ತಾ ಇದೆ" ಅಂತ ಹೇಳಿ ಮತ್ತೆ ಗನ್ನಿನಲ್ಲಿ ಬೋಲ್ಟ್ ತಿರುಗಿಸಿ ಹೋದ. ಬೋಲ್ಟ್ ಟೈಟ್ ಆಗುತ್ತಿರಲಿಲ್ಲ, ತೂತಿನಿಂದ ಮೇಲಕ್ಕೆ ಬರುತ್ತಿತ್ತು. ತಿರುಗಿಸಿದಷ್ಟೂ ನಟ್ ಇಳಿಯುತ್ತಲೇ ಹೋಗಿ ಟಾರ್ಕ್ ಏರುವುದೇ ಇಲ್ಲ ಅಂದರೆ ಆ ಆಂಕರ್ ಸತ್ತಿದೆ ಅಂತ ತಿಳಿಯಿರಿ. ಅದನ್ನು ಇನ್ನೂ ಬಿಗಿಯಬಾರದು. ಲಿಫ್ಟ್ ನಿಲ್ಲಿಸಬೇಕು.

ಕೆಲವೇ ದಿನಗಳಲ್ಲಿ ವ್ಯಾನ್ ಬಂತು. ಲಿಫ್ಟಿನ ಮೇಲೆ ಬರೆದ ಕೆಪ್ಯಾಸಿಟಿಗಿಂತ ಅದರ ತೂಕ ಕಡಿಮೆಯೇ. ಹುಡುಗ ಹಿಂದಿನ ಸಸ್ಪೆನ್ಷನ್ನಿನ ತುಕ್ಕು ಹಿಡಿದ ಬೋಲ್ಟ್ ಬಿಚ್ಚಲು ಬಾರಿಗೆ ಪೈಪ್ ಸಿಕ್ಕಿಸಿ ಜಗ್ಗುತ್ತಿದ್ದ. ವ್ಯಾನ್ ಒಂದು ಸಲ ಅಲ್ಲಾಡಿತು. ಮತ್ತೆ ಜಗ್ಗಿದ. ನೆಲದಲ್ಲಿ ಪಟ್ ಅಂತ ಶಬ್ದ ಬಂತು. ನಮ್ಮ ಹಿರಿಯ ಮೆಕ್ಯಾನಿಕ್ "ಓಡೋ!" ಅಂತ ಕೂಗಿದರು, ಹುಡುಗ ಬಾರ್ ಬಿಟ್ಟು ಓಡಿದ. ಕಂಬ ಒಳಕ್ಕೆ ವಾಲಿತು, ಆ ಕಡೆಯ ಆರ್ಮ್‌ಗಳು ಕುಸಿದವು, ವ್ಯಾನ್ ಆರ್ಮ್ ತುದಿಯ ಪ್ಯಾಡುಗಳ ಮೇಲಿಂದ ಜಾರಿ ಓರೆಯಾಗಿ ಬಿತ್ತು. ಅದರ ಅಂಚು ಅವನ ಭುಜಕ್ಕೆ ಬಡಿಯಿತು. ಆ ಒಂದು ಕೂಗು ಬರದೇ ಹೋಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲೂ ನನಗೆ ಇಷ್ಟವಿಲ್ಲ.

ಆಮೇಲೆ ನೋಡಿದರೆ ಹೊರಗಿನ ಬೋಲ್ಟ್‌ಗಳು ಬುಡಸಮೇತ ಕಿತ್ತ ಹಲ್ಲಿನ ಹಾಗೆ ಕಾಂಕ್ರೀಟ್ ಚೂರು ಕಚ್ಚಿಕೊಂಡೇ ಮೇಲೆ ಬಂದಿದ್ದವು. ತೂತಿನೊಳಗೆ ಟಾರ್ಚ್ ಬಿಟ್ಟೆವು. ಮೇಲೆ ಟೈಲ್ಸ್, ಅದರ ಕೆಳಗೆ ಗಾರೆ, ಅದರ ಕೆಳಗೆ ತೆಳ್ಳಗೆ ಒಂದು ಪದರ ಕಾಂಕ್ರೀಟ್, ಆಮೇಲೆ ಬರೀ ಜಲ್ಲಿ ಮಣ್ಣು. ಬೋಲ್ಟಿನ ಅರ್ಧ ಉದ್ದ ಯಾವುದನ್ನೂ ಹಿಡಿದುಕೊಂಡೇ ಇರಲಿಲ್ಲ.

ಹಾಗಾಗಿ ಲಿಫ್ಟ್ ನೋಡಲು ಹೋಗುವ ಮೊದಲು ನಿಮ್ಮ ನೆಲ ನೋಡಿ. ಕಂಬ ಬರುವ ಜಾಗದಲ್ಲೇ ಒಂದು ತೂತು ಕೊರೆಸಿ, ಕೊಕ್ಕೆ ಬಗ್ಗಿಸಿದ ತಂತಿ ಬಿಟ್ಟು ಕಾಂಕ್ರೀಟಿನ ಅಡಿಗೆ ಸಿಕ್ಕಿಸಿ ದಪ್ಪ ಅಳೆಯಿರಿ. ಟೈಲ್ಸ್, ಗಾರೆ ಲೆಕ್ಕಕ್ಕೆ ಬರುವುದಿಲ್ಲ. ಟಾರಿನ ನೆಲಕ್ಕಂತೂ ಲಿಫ್ಟ್ ಹಾಕುವ ಹಾಗೇ ಇಲ್ಲ. ಎಷ್ಟು ದಪ್ಪ ಬೇಕು ಅಂತ ಹೇಳಬೇಕಾದ್ದು ಆ ಮಾಡೆಲ್ಲಿನ ಮ್ಯಾನ್ಯುಯಲ್. 4 ಟನ್ ಆಸುಪಾಸಿನ ಟೂ ಪೋಸ್ಟ್‌ಗೆ 4 ಇಂಚು ಅನ್ನುವುದು ತೀರಾ ಕಡಿಮೆ ಮಿತಿ, 6 ಇಂಚು ಅಥವಾ ಅದಕ್ಕಿಂತ ಜಾಸ್ತಿ ಕೇಳುವ ಕಂಪನಿಗಳೂ ಇವೆ. ಹೊಸದಾಗಿ ಕಾಂಕ್ರೀಟ್ ಹಾಕಿಸಿದರೆ 28 ದಿನ ಕ್ಯೂರ್ ಆಗಲು ಬಿಡಿ, ಅವಸರ ಬೇಡ. ಸ್ಲ್ಯಾಬಿನ ಅಂಚು, ಜಾಯಿಂಟ್, ಬಿರುಕು ಇರುವಲ್ಲಿ ಬೋಲ್ಟ್ ಹತ್ತಿರ ಬರಬಾರದು. ಒಂದು ಸಲ ಬಿಟ್ಟುಹೋದ ತೂತಿಗೆ ಸಿಮೆಂಟ್ ತುಂಬಿ ಅಲ್ಲೇ ಮತ್ತೆ ಬೋಲ್ಟ್ ಬಡಿಯುವುದಂತೂ ಬೇಡವೇ ಬೇಡ. ನೆಲ ತೆಳ್ಳಗಿದ್ದರೆ ಅಷ್ಟು ಜಾಗ ಕತ್ತರಿಸಿ, ಅಗೆದು, ಕಂಬಿ ಕಟ್ಟಿ ದಪ್ಪನೆ ಕಾಂಕ್ರೀಟ್ ಹಾಕಿಸಬೇಕು. ಖರ್ಚು ಜಾಸ್ತಿ ಬರುತ್ತದೆ, ಒಪ್ಪುತ್ತೇನೆ. ಅಷ್ಟು ಮಾಡಲು ಆಗದಿದ್ದರೆ ಟೂ ಪೋಸ್ಟ್ ಆಸೆ ಬಿಡಿ.

ಬೇರೆ ದಾರಿಗಳೂ ಇವೆಯಲ್ವಾ. ಆಯಿಲ್ ಬದಲಿಸುವುದು, ಸೈಲೆನ್ಸರ್, ಅಲೈನ್‌ಮೆಂಟ್ ಥರದ ಕೆಲಸವೇ ಜಾಸ್ತಿ ಇದ್ದರೆ ಫೋರ್ ಪೋಸ್ಟ್ ಒಳ್ಳೆಯದು. ಗಾಡಿ ತನ್ನ ಚಕ್ರದ ಮೇಲೇ ನಿಂತಿರುತ್ತದೆ, ಭಾರ ನಾಲ್ಕು ಕಂಬಕ್ಕೆ ಹಂಚಿಹೋಗುತ್ತದೆ, ಕಂಬ ವಾಲುವ ಒತ್ತಡ ಅಷ್ಟಿರುವುದಿಲ್ಲ. ಚಕ್ರ ಬಿಚ್ಚಬೇಕಾದರೆ ಮಾತ್ರ ನಡುವೆ ಓಡಾಡುವ ಜಾಕಿ ಬೇಕು. ಟೈರ್, ಬ್ರೇಕ್ ಅಷ್ಟೇ ಅಂದರೆ ಕತ್ತರಿಯ ಹಾಗೆ ಬಿಚ್ಚಿಕೊಂಡು ಏಳುವ, ಅರ್ಧ ಎತ್ತರದ ಸಿಸರ್ ಲಿಫ್ಟ್ ಸಾಕು. ಇವುಗಳಿಗೂ ಗಟ್ಟಿ ನೆಲ ಬೇಕೇ ಬೇಕು, ಮ್ಯಾನ್ಯುಯಲ್ ಹೇಳಿದ ಹಾಗೆಯೇ ಕೂರಿಸಬೇಕು.

ಟೂ ಪೋಸ್ಟ್‌ನಲ್ಲೇ ಮೇಲೆ ಬೀಮ್ ಇರುವುದು, ಇಲ್ಲದ್ದು ಎರಡೂ ಬರುತ್ತವೆ. ಛಾವಣಿ ಎತ್ತರ ಇದ್ದರೆ ಬೀಮ್ ಇರುವುದನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. ಕೇಬಲ್, ಹೋಸ್ ಎಲ್ಲಾ ಮೇಲೆ ಹೋಗುವುದರಿಂದ ನೆಲದಲ್ಲಿ ಎಡವುವುದಕ್ಕೆ ಏನೂ ಇರುವುದಿಲ್ಲ, ಕಂಬಗಳೂ ಮೇಲ್ಗಡೆ ಒಂದಕ್ಕೊಂದು ಹಿಡಿದುಕೊಂಡಿರುತ್ತವೆ. ಬೀಮ್ ಇದೆ ಅಂತ ಆಂಕರ್ ಸಡಿಲ ಬಿಡುವ ಹಾಗಿಲ್ಲ.

ಕೆಪ್ಯಾಸಿಟಿ ಲೆಕ್ಕದಲ್ಲೂ ಮೋಸ ಹೋಗಬೇಡಿ. 4 ಟನ್ ಲಿಫ್ಟ್ ಅಂದರೆ ಸಾಮಾನ್ಯವಾಗಿ ಒಂದೊಂದು ಆರ್ಮ್‌ಗೆ 1 ಟನ್. ಸಾಮಾನು ತುಂಬಿದ 3 ಟನ್ನಿನ ವ್ಯಾನ್ ತಗೊಳ್ಳಿ, ಹಿಂಭಾಗದಲ್ಲೇ ಎರಡು ಟನ್‌ಗಿಂತ ಜಾಸ್ತಿ ಇದ್ದರೆ ಹಿಂದಿನ ಆರ್ಮ್‌ಗಳ ಮಿತಿ ಮೀರಿತು, ಒಟ್ಟು ಲೆಕ್ಕ ಸರಿ ಇದ್ದರೂ. ಸಾಮಾನು ಇಳಿಸದೆ ಎತ್ತಬೇಡಿ. ಇನ್ನು ಅಸಿಮೆಟ್ರಿಕ್ ಲಿಫ್ಟ್‌ನಲ್ಲಿ ಮುಂದಿನ ಆರ್ಮ್ ಚಿಕ್ಕದು, ಹಿಂದಿನದು ಉದ್ದ, ಕಾರಿನ ಬಾಗಿಲು ಕಂಬಕ್ಕೆ ತಾಗದಿರಲಿ ಅಂತ ಹಾಗೆ ಮಾಡಿರುವುದು. ಕಾರುಗಳಿಗೆ ಅದು ಸರಿ. ಉದ್ದದ ವ್ಯಾನು, ಪಿಕಪ್ ಜಾಸ್ತಿ ಬರುವಲ್ಲಿ ನಾಲ್ಕೂ ಆರ್ಮ್ ಸಮ ಇರುವ ಸಿಮೆಟ್ರಿಕ್ ಬೇಕು.

ಹಳೇ ಲಿಫ್ಟ್ ನೋಡುವಾಗ ಹೊಸ ಪೇಂಟ್ ನೋಡಿ ಮರುಳಾಗಬೇಡಿ, ವೆಲ್ಡಿಂಗ್ ಬಿರುಕು ಮುಚ್ಚಲು ಪೇಂಟ್ ಸಾಕು. ಎತ್ತಿಸಿ, ಕಿವಿ ಕೊಟ್ಟು ಕೇಳಿ. ಗಾಡಿ ಕೆಳಗೆ ಬೀಳದಂತೆ ಹಿಡಿಯುವ ಲಾಕ್ ಎರಡು ಕಂಬದಲ್ಲೂ ಇದ್ದರೆ ಟಕ್ ಟಕ್ ಶಬ್ದ ಎರಡೂ ಕಡೆ ಒಟ್ಟಿಗೇ ಬರಬೇಕು. ಒಂದು ಕಡೆ ಮೊದಲು, ಇನ್ನೊಂದು ಕಡೆ ಆಮೇಲೆ ಬಂದರೆ ಎರಡೂ ಕಡೆಯನ್ನು ಸಮವಾಗಿ ಎತ್ತುವ ಕೇಬಲ್ ಸಡಿಲವಾಗಿದೆ ಅಂತ. ಒಂದು ಕಡೆ ಶಬ್ದವೇ ಇಲ್ಲದಿದ್ದರೆ ಲಾಕ್ ಬೀಳುತ್ತಲೇ ಇಲ್ಲ. ಕೇಬಲ್ಲಿನಲ್ಲಿ ಎಳೆ ಮುರಿದು ಮುಳ್ಳಿನ ಹಾಗೆ ಎದ್ದಿದ್ದರೆ ಬದಲಿಸಲೇಬೇಕು. ಆರ್ಮ್ ಮೇಲೆದ್ದ ಮೇಲೆ ಪಕ್ಕಕ್ಕೆ ತಳ್ಳಿ ನೋಡಿ, ಅಲುಗಬಾರದು. ಅಲುಗಿದರೆ ಅದರ ಹಲ್ಲಿನ ಲಾಕ್ ಸವೆದಿದೆ. ಹೈಡ್ರಾಲಿಕ್ ಅಲ್ಲದ, ಸ್ಕ್ರೂ ಮೇಲೆ ಓಡುವ ಲಿಫ್ಟ್ ಆದರೆ ಮುಖ್ಯ ನಟ್‌ಗೂ, ಅದು ಕೈಕೊಟ್ಟರೆ ಭಾರ ಹಿಡಿಯುವ ಸೇಫ್ಟಿ ನಟ್‌ಗೂ ನಡುವಿನ ಅಂತರ ಅಳೆಸಿ, ಮುಖ್ಯ ನಟ್ ಸವೆದಂತೆ ಆ ಅಂತರ ಬದಲಾಗುತ್ತದೆ. ಲಿಫ್ಟಿನ ಸುರಕ್ಷತೆಗೆ ಕೊಡುವ ಯುರೋಪಿನ ಇಎನ್ 1493 ಅಥವಾ ಅಮೆರಿಕದ ಎಎಲ್‌ಐ ಸರ್ಟಿಫಿಕೇಟ್ ಇದ್ದರೆ ಒಳ್ಳೆಯದು. ಆದರೆ ಅದು ತಯಾರಾದ ಲಿಫ್ಟಿಗೆ ಕೊಟ್ಟದ್ದು, ನಿಮ್ಮ ನೆಲಕ್ಕಲ್ಲ.

ಬಳಸುವಾಗ ನಾನು ಹೊಸ ಹುಡುಗರಿಗೆ ಹೇಳುವುದು ಇಷ್ಟು. ಗಾಡಿ ಕಂಪನಿ ಹೇಳಿದ ಜಾಗಕ್ಕೇ ಪ್ಯಾಡ್ ಕೊಡಿ, ಅಂದಾಜಿನಲ್ಲಿ ಬೇಡ. ಚಕ್ರ ನೆಲ ಬಿಟ್ಟು ಸ್ವಲ್ಪ ಎದ್ದ ಕೂಡಲೇ ನಿಲ್ಲಿಸಿ, ನಾಲ್ಕೂ ಪ್ಯಾಡ್ ಮತ್ತೆ ನೋಡಿ, ಮುಂದಿನಿಂದ ಹಿಂದಿನಿಂದ ಗಾಡಿಯನ್ನು ಅಲ್ಲಾಡಿಸಿ. ಅನುಮಾನ ಬಂತಾ, ಇಳಿಸಿ ಮತ್ತೆ ಹಾಕಿ. ಬೇಕಾದ ಎತ್ತರಕ್ಕೆ ಹೋದ ಮೇಲೆ ಸುಮ್ನೆ ಬಟನ್ ಬಿಟ್ಟು ಕೆಳಗೆ ನುಗ್ಗಬೇಡಿ, ಸ್ವಲ್ಪ ಇಳಿಸಿ ಲಾಕ್ ಮೇಲೆ ಕೂರಿಸಿ. ಹೈಡ್ರಾಲಿಕ್ ಇರುವುದು ಎತ್ತುವುದಕ್ಕೆ, ಹಿಡಿದುಕೊಳ್ಳುವುದು ಲಾಕಿನ ಕೆಲಸ.

ಭಾರದ ಪಾರ್ಟ್ ಬಿಚ್ಚುವಾಗ ತೂಕದ ಮಧ್ಯ ಜರುಗುತ್ತದೆ. ಮುಂದಿನಿಂದ ಎಂಜಿನ್, ಗೇರ್ ಬಾಕ್ಸ್ ಇಳಿಸಿದರೆ ಗಾಡಿ ಹಿಂದಕ್ಕೆ ಬಾಗಲು ನೋಡುತ್ತದೆ. ಬಿಚ್ಚುವ ಮೊದಲೇ ಹಿಂದೆ ಎತ್ತರದ ಸ್ಟ್ಯಾಂಡ್ ಕೊಡಬೇಕು. ಎಲೆಕ್ಟ್ರಿಕ್ ಕಾರಿನಲ್ಲಿ ಇದು ಇನ್ನೂ ಜಾಸ್ತಿ, ಅಡಿಯ ಬ್ಯಾಟರಿಯೇ ನೂರಾರು ಕಿಲೋ ಇರುತ್ತದೆ, ಅದರ ಪೆಟ್ಟಿಗೆಗೆ ಪ್ಯಾಡ್ ತಾಗಲೂ ಬಾರದು. ಉದ್ದ ಬಾರ್ ಹಾಕಿ ಜಗ್ಗುವ ಕೆಲಸಗಳನ್ನು ಆದಷ್ಟು ಗಾಡಿ ನೆಲದಲ್ಲಿದ್ದಾಗಲೇ ಸಡಿಲ ಮಾಡಿಕೊಳ್ಳಿ. ಮೇಲಿರುವ ಗಾಡಿ ಜಾರತೊಡಗಿದರೆ ಹಿಡಿಯಲು ಹೋಗಬೇಡಿ, ಓಡಿ. ಅದಕ್ಕೇ ಲಿಫ್ಟ್ ಸುತ್ತ ಟೂಲ್ ಟ್ರಾಲಿ, ಟೈರ್, ಪೈಪು ಅಡ್ಡ ಇಡಬೇಡಿ. ಆ ದಿನ ನಮ್ಮ ಹುಡುಗನ ದಾರಿಯಲ್ಲಿ ಏನೂ ಇರಲಿಲ್ಲ.

ವರ್ಷಕ್ಕೆ ಒಂದು ಸಲವಾದರೂ ಲಿಫ್ಟ್ ಗೊತ್ತಿರುವ, ಅದನ್ನು ಮಾರಿದವನಲ್ಲದ ಬೇರೆಯವರಿಂದ ಪರೀಕ್ಷೆ ಮಾಡಿಸಿ. ಆಂಕರ್ ಟಾರ್ಕ್ ಅದಕ್ಕಿಂತ ಹೆಚ್ಚಾಗಿ ನೋಡುತ್ತಿರಬೇಕು, ಎಷ್ಟು ದಿನಕ್ಕೊಮ್ಮೆ ಅಂತ ಮ್ಯಾನ್ಯುಯಲ್ಲಿನಲ್ಲೇ ಇರುತ್ತದೆ.

ಇನ್ನೊಂದು ಮಾತು. ಅಪಘಾತ ಆದ ಮೇಲೆ ಮಾಲೀಕರು ಮಾರಿದವನಿಗೆ ಫೋನ್ ಮಾಡಿದಾಗ ಅವನು ಹೇಳಿದ್ದು, "ಲಿಫ್ಟಿಗೆ ಏನೂ ಆಗಿಲ್ವಲ್ಲ ಸಾರ್, ನೆಲ ನಿಮ್ಮದು." ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ, ಬಿಲ್ಲಿನಲ್ಲಿ ಫಿಟ್ಟಿಂಗ್ ಅನ್ನುವ ಪದವೂ ಇರಲಿಲ್ಲ. ಹುಡುಗನ ಆಸ್ಪತ್ರೆ ಖರ್ಚು, ವ್ಯಾನಿನ ನಷ್ಟ, ಎಲ್ಲವನ್ನೂ ಮಾಲೀಕರೇ ಹೊತ್ತರು. ಹಾಗಾಗಿ ದುಡ್ಡು ಕೊಡುವ ಮೊದಲೇ ಬರೆಸಿಕೊಳ್ಳಿ: ಕಾಂಕ್ರೀಟಿನ ದಪ್ಪ ಎಷ್ಟು ಅಳೆದರು, ಯಾವ ಅಳತೆಯ ಆಂಕರ್, ಎಷ್ಟು ಆಳ, ಎಷ್ಟು ಟಾರ್ಕ್, ಯಾವ ತಾರೀಖು, ಫಿಟ್ ಮಾಡಿದವರ ಸಹಿ. ಬರೆದುಕೊಡಲು ಹಿಂದೆ ಮುಂದೆ ನೋಡಿದರೆ ಎಷ್ಟೇ ಅಗ್ಗ ಆಗಲಿ, ಆ ಲಿಫ್ಟ್ ಅಲ್ಲೇ ಬಿಟ್ಟು ಬನ್ನಿ.