ಸರೌಂಡ್ ಸೆಟ್ಟಿಂಗ್: ಮೈಕ್‌ಗೆ ಬಿಡುವುದೋ, ಟೇಪು ಹಿಡಿಯುವುದೋ?

5.1 ರಿಸೀವರ್ (ಐದು ಸ್ಪೀಕರ್, ಬಾಸ್‌ಗೆಂದೇ ಒಂದು ಸಬ್‌ವೂಫರ್ ನಡೆಸುವ ಹೋಮ್ ಥಿಯೇಟರ್ ಪೆಟ್ಟಿಗೆ) ಹೊಂದಿಸಲು ದಾರಿ ಎರಡು: ಯಮಹಾದ ವೈಪಾವೊದಂಥ ಆಟೋ ಕ್ಯಾಲಿಬ್ರೇಶನ್ (ರಿಸೀವರ್ ತಾನೇ ಮೈಕ್‌ನಿಂದ ಸದ್ದು ಅಳೆದು ಹೊಂದಿಸಿಕೊಳ್ಳುವುದು), ಇಲ್ಲವೇ ಟೇಪು–ಸೌಂಡ್ ಮೀಟರ್ ಹಿಡಿದು ಕೈಯಾರೆ ಮಾಡುವುದು.

ಆಟೋದಲ್ಲಿ ಮೈಕನ್ನು ಟ್ರೈಪಾಡ್ ಮೇಲೆ, ಕೂತವರ ಕಿವಿಯ ಎತ್ತರಕ್ಕೆ ಇಡಬೇಕು. ಸೋಫಾದ ಬೆನ್ನಿಗೆ ಅಂಟಿಸಿಟ್ಟರೆ ಅಲ್ಲಿಂದ ಪುಟಿಯುವ ಸದ್ದೂ ಅಳತೆಗೆ ಸೇರಿ ಲೆಕ್ಕ ಕೆಡುತ್ತದೆ. ಫ್ಯಾನ್ ಆರಿಸಿ, ಕುಕ್ಕರ್ ಕೂಗುವ ಹೊತ್ತಂತೂ ಬೇಡ. ಇದರ ನಿಜವಾದ ಲಾಭ ಈಕ್ವಲೈಸರ್, ಅಂದರೆ ಬಾಸಿನಿಂದ ಕೀಚಿನವರೆಗಿನ ಸದ್ದಿನ ಏರುಪೇರು ತಿದ್ದುವ ಸೌಲಭ್ಯ. ಕೋಣೆಯ ಗೋಡೆಗಳಿಂದ ಗುಂಯ್‌ಗುಡುವ ಬಾಸನ್ನು ಬರೀ ಕಿವಿಯಿಂದ ತಿದ್ದುವುದು ಕಷ್ಟ. ಆದರೆ ಇದಕ್ಕೊಂದು ಚಟವಿದೆ: ಮುಂದಿನ ಸ್ಪೀಕರ್‌ಗಳನ್ನು ಆಗಾಗ ‘ಲಾರ್ಜ್’ ಎಂದು ಗುರುತಿಸುತ್ತದೆ. ಆಗ ಅವುಗಳ ಬಾಸ್ ಸಬ್‌ವೂಫರ್‌ಗೆ ಹೋಗದೆ ಸಣ್ಣ ಸ್ಪೀಕರ್ ಒದರುತ್ತದೆ. ‘ಸ್ಮಾಲ್’ ಮಾಡಿ, ಕ್ರಾಸ್‌ಓವರ್ (ಯಾವ ಮಟ್ಟದ ಕೆಳಗಿನ ಬಾಸ್ ಸಬ್‌ವೂಫರ್‌ಗೆ ಹೋಗಬೇಕೆಂಬ ಗಡಿ) 80 ಹರ್ಟ್ಜ್‌ಗೆ ಇಡಿ. ಸಬ್‌ವೂಫರ್ ದೂರ ಟೇಪಿನ ಅಳತೆಗಿಂತ ಹೆಚ್ಚು ತೋರಿಸಿದರೆ ಮುಟ್ಟಬೇಡಿ. ಅದರೊಳಗಿನ ಸರ್ಕ್ಯೂಟ್ ಮಾಡುವ ವಿಳಂಬವೂ ಆ ಅಂಕಿಯಲ್ಲಿ ಸೇರಿರುತ್ತದೆ.

ಕೈಯಾರೆ ಮಾಡುವಾಗ ಪ್ರತಿ ಸ್ಪೀಕರ್‌ನಿಂದ ತಲೆಯವರೆಗೆ ಅಳೆದು ದೂರ ತುಂಬಿ. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂ.ಮೀ. ಸಾಗುವುದರಿಂದ 5 ಸೆಂ.ಮೀ. ತಪ್ಪಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೀಟರನ್ನು ‘ಸಿ’ (ಬಾಸನ್ನೂ ಲೆಕ್ಕಕ್ಕೆ ಹಿಡಿಯುವ ಅಳತೆ), ‘ಸ್ಲೋ’ಗೆ (ಮುಳ್ಳು ನಿಧಾನ ಅಲುಗುವಂತೆ) ಹಾಕಿ ರಿಸೀವರ್‌ನ ಟೆಸ್ಟ್ ಟೋನ್ ಎಲ್ಲ ಚಾನೆಲ್‌ನಲ್ಲೂ 75 ಡೆಸಿಬಲ್‌ಗೆ ಸಮ ಮಾಡಿ. ಮೊಬೈಲ್ ಆ್ಯಪ್ ಉಳಿದವಕ್ಕೆ ನಡೆದೀತು, ಸಬ್‌ವೂಫರ್‌ಗೆ ನಂಬಬೇಡಿ.

ರಿಸೀವರ್ ಜೊತೆ ಮೈಕ್ ಬಂದಿದ್ದರೆ ಮೊದಲು ಆಟೋ ಓಡಿಸಿ, ಆಮೇಲೆ ಕ್ರಾಸ್‌ಓವರ್ ತಿದ್ದಿ. ಮಾತು ಕೇಳಿಸದಿದ್ದರೆ ಸೆಂಟರ್ (ಮಧ್ಯದ) ಸ್ಪೀಕರನ್ನು 2 ಡೆಸಿಬಲ್ ಏರಿಸಿ.